ಕಳಲೆಯ ತುಂಡು ಮತ್ತು ಆಜೀವ ನಿಷೇಧ

ಕಪ್ಪುಬಿಳುಪು ಕರಡಿಕುಲ ಸಂರಕ್ಷಕರೂ, ಬಿದಿರುವನ ಸಾರ್ವಭೌಮರೂ, ಮೂರೇ ಮೂರು ನಿಮಿಷಗಳ ದರ್ಶನಭಾಗ್ಯವನ್ನು ಕರುಣಿಸುವ ದಯಾಸಾಗರರೂ, ಆಜೀವ ನಿಷೇಧ ದಯಪಾಲಿಸುವುದರಲ್ಲಿ ಸರಿಸಾಟಿಯಿಲ್ಲದವರೂ ಆದ ನಮ್ಮ ನಗರ ಮೃಗಾಲಯದ ನಿರ್ದೇಶಕ ಮಹೋದಯರ ಸನ್ನಿಧಾನಕ್ಕೆ, ಈ ಪತ್ರಿಕೆಯ ಮೂಲಕ, ಪ್ರತಿ ಸಲವೂ ಟಿಕೆಟ್ ಕೊಂಡೇ ಒಳಗೆ ಬರುವ ಒಬ್ಬ ಬಡ ಪ್ರಜೆಯ ಉದ್ದಂಡ ನಮಸ್ಕಾರಗಳು.

ಮಾನ್ಯರೇ, ಕಳೆದ ತಿಂಗಳು ನಿಮ್ಮ ಕಚೇರಿ ನನ್ನ ತಾತ ಮೌ ತಿಂಗ್‌ಶೂ ಅವರು ಇನ್ನು ಬದುಕಿರುವವರೆಗೂ ಮೃಗಾಲಯಕ್ಕೆ ಕಾಲಿಡಕೂಡದೆಂದು ಆಜ್ಞೆ ಹೊರಡಿಸಿತು. ಅಪರಾಧ: ಪಾಂಡಾ ಆವರಣದೊಳಕ್ಕೆ ಒಂದು ತುಂಡು ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಎಸೆದದ್ದು. ತಾತನಿಗೆ ಎಂಬತ್ತೊಂದು. ಜೀವಮಾನವಿಡೀ ಸಿಟಿ ಬಸ್ಸಿನ ಸ್ಟೀರಿಂಗ್ ತಿರುಗಿಸಿ ಸವೆದುಹೋದ ಅವರ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಬಿಚ್ಚಿದ ಕಾಲುಚೀಲವನ್ನು ಬಕೆಟ್ಟಿಗೆ ಎಸೆದರೆ ಅದು ಬಕೆಟ್ಟನ್ನು ಬಿಟ್ಟು ಮನೆಯ ಉಳಿದೆಲ್ಲ ಕಡೆಯೂ ಬೀಳುತ್ತದೆ. ಇಂಥ ಮಹಾಬಾಹು ಜನಜಂಗುಳಿಯ ತಲೆಗಳನ್ನು ದಾಟಿಸಿ, ಕಂದಕ ಹಾರಿಸಿ, ಪಾಂಡಾದ ಪಕ್ಕಕ್ಕೇ ಬೀಳುವಂತೆ ಕಳಲೆ ಎಸೆದರೆಂದು ನಿಮ್ಮ ಕಚೇರಿ ನಂಬುತ್ತದೆ. ಹಾಗಿದ್ದರೆ ಅವರನ್ನು ನಿಷೇಧಿಸುವ ಬದಲು ಒಲಿಂಪಿಕ್ಸಿಗಾದರೂ ಕಳಿಸಬಾರದಿತ್ತೇ? ಇನ್ನೊಂದು ಮಾತು. ಅಪರಾಧದ ದೃಶ್ಯ ಕ್ಯಾಮರಾದಲ್ಲಿದೆ ಎನ್ನುತ್ತೀರಿ. ಆದರೆ ಆ ವಿಡಿಯೋವನ್ನು ಆರೋಪಿ ನೋಡಿಯೇ ಇಲ್ಲ. ನೋಡದ ಸಾಕ್ಷ್ಯದ ಮೇಲೆ ಶಿಕ್ಷೆ ವಿಧಿಸುವುದನ್ನು ಯಾವ ನ್ಯಾಯವೆಂದು ಕರೆಯೋಣ?

ಆಜೀವ ಎನ್ನುವ ಅಳತೆಗೋಲನ್ನೇ ನೋಡಿ. ನನ್ನಂಥ ಹತ್ತೊಂಬತ್ತರ ಹುಡುಗಿಗೆ ಅದನ್ನು ವಿಧಿಸಿದರೆ ಅರವತ್ತು ವರ್ಷವಾದೀತು. ಎಂಬತ್ತೊಂದರ ಮುದುಕನಿಗೆ ನಾಲ್ಕಾರು ಚಳಿಗಾಲ. ಒಂದೇ ತಪ್ಪಿಗೆ ಒಬ್ಬರಿಗೆ ಬೆಟ್ಟದಷ್ಟು, ಒಬ್ಬರಿಗೆ ಬೊಗಸೆಯಷ್ಟು. ಇಂಥ ತಕ್ಕಡಿ ಹಿಡಿದು ನಮ್ಮ ತರಕಾರಿ ಮಾರ್ಕೆಟ್ಟಿನಲ್ಲಿ ಕೂತರೆ ಹೆಂಗಸರು ನಿಮ್ಮನ್ನು ಸುಮ್ಮನೆ ಬಿಡುತ್ತಿದ್ದರೇ? ಹಾಗೆಂದು ತಾತನಿಗೆ ಶಿಕ್ಷೆ ಹಗುರಾಯಿತೆಂದು ತಿಳಿಯಬೇಡಿ. ಬೊಗಸೆಯಷ್ಟೇ ಉಳಿದವನಿಂದ ಬೊಗಸೆಯನ್ನು ಕಿತ್ತುಕೊಂಡರೆ ಅವನ ಕೈಯಲ್ಲಿ ಉಳಿಯುವುದೇನು?

ತಾತ ಓಡಿಸುತ್ತಿದ್ದ ಬಸ್ಸಿನ ಕೊನೆಯ ನಿಲ್ದಾಣವೇ ನಿಮ್ಮ ಹೆಬ್ಬಾಗಿಲು. ಬಸ್ಸು ತಿರುಗಿಸುವ ಮೊದಲು ಸಿಗುತ್ತಿದ್ದ ಸ್ವಲ್ಪ ಹೊತ್ತಿನಲ್ಲಿ ಒಳಗೆ ಓಡಿಹೋಗಿ ಪಾಂಡಾ ನೋಡಿ ಬರುತ್ತಿದ್ದರು. ನಿವೃತ್ತಿಯಾದ ಮೇಲೆ ಹಿರಿಯರ ಉಚಿತ ಪಾಸು ಹಿಡಿದು ದಿನಾ ಬೆಳಿಗ್ಗೆ. ರುಯಿರುಯಿ ಎಂದು ನೀವು ಫಲಕ ಬರೆಸಿರುವ ಆ ಮುದಿ ಹೆಣ್ಣು ಪಾಂಡಾವನ್ನು ಅವರು ಆ ಹೆಸರಿನಿಂದ ಒಮ್ಮೆಯೂ ಕರೆದವರಲ್ಲ. ಮನೆಯ ಕೊನೆಯ ಹೆಣ್ಣುಮಗುವನ್ನು ನಮ್ಮ ಸಿಚುವಾನಿನಲ್ಲಿ ಕರೆಯುವ ಹಾಗೆ, "ಯಾವ್‌ಮೇ!" ಅಷ್ಟೇ. ಕಂಬಿಯ ಬಳಿ ನಿಂತು, ಕೈಯನ್ನು ಕಿವಿಯ ತನಕ ಎತ್ತಿ, ಬಸ್ಸಿನ ಹಿಂದಿನ ಸೀಟಿನವರಿಗೂ ಕೇಳುವ ದನಿಯಲ್ಲಿ ಕರೆಯುತ್ತಿದ್ದರು. ಅವಳು ಬೆನ್ನು ತಿರುಗಿಸಿ ಬಿದಿರು ಅಗಿಯುತ್ತಿದ್ದಳು. ನಿಮ್ಮ ಹೆಬ್ಬಾಗಿಲಿನ ಜಾಹೀರಾತಿನಲ್ಲಿ "ಪಾಂಡಾ ಜೊತೆ ಮುಖಾಮುಖಿ" ಎಂದಿದೆಯಲ್ಲ, ಮಾನ್ಯರೇ, ಅದರ ಹಿಂದಿನ ಸತ್ಯವೆಂದರೆ ಈ ಬೆನ್ನು. ಬಿಸಿಲಲ್ಲಿ ಎರಡು ತಾಸು ಸರದಿಯಲ್ಲಿ ನಿಂತು, ಮೂರು ನಿಮಿಷ ಬೆನ್ನು ನೋಡಿ, ನಿಮ್ಮ ಧ್ವನಿವರ್ಧಕದಿಂದ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನಿಸಿಕೊಂಡು ಜನ ಹೊರಬೀಳುತ್ತಾರೆ. ಆ ಧ್ವನಿವರ್ಧಕದ ಕೆಳಗೇ "ಗದ್ದಲ ಮಾಡಬೇಡಿ" ಎಂಬ ಫಲಕವಿದೆ.

ಬೆನ್ನು ನೋಡಿದ ಮೇಲೆ ತಾತ ನಿಮ್ಮ ಕೊಳದ ಪಕ್ಕದ ಚಹಾದ ಅಂಗಳಕ್ಕೆ ಹೋಗುತ್ತಿದ್ದರು. ಅಲ್ಲಿ ಹಳೆಯ ಸ್ನೇಹಿತ ಚಿಂಗ್ ತಾತ ಮಲ್ಲಿಗೆ ಚಹಾದ ಬಟ್ಟಲಿಗೆ ಮುಚ್ಚಳ ಹಾಕಿಟ್ಟುಕೊಂಡು, ಬೆತ್ತದ ಕುರ್ಚಿಯಲ್ಲಿ ಕಾದಿರುತ್ತಿದ್ದರು.

"ಏನಯ್ಯಾ ಮೌ, ನಿನ್ ಯಾವ್‌ಮೇ ಇವತ್ತೂ ಬೆನ್ನೇ ತೋರಿಸಿದ್ಲಾ?"

"ಅವಳಿಗೆ ಕೇಳ್ಸತ್ತೆ ಕಣೋ. ತಿರುಗಲ್ಲ, ಅಷ್ಟೇ. ನಾಚ್ಕೆ."

"ನಾಚ್ಕೆಯಂತೆ! ಕ್ವಿಂಟಾಲ್ ತೂಗೋ ನಾಚ್ಕೆ! ಅವಳಿಗೆ ಬಿದಿರು ಗೊತ್ತು, ಬಿದಿರು ಹಾಕೋನು ಗೊತ್ತು. ನೀನ್ಯಾರೋ?"

ಬಿಸಿನೀರು ಸುರಿಯಲು ಬಂದ ಚಹಾದಂಗಡಿಯ ಪು ಅತ್ತೆಯೂ ಸುಮ್ಮನಿರುವವಳಲ್ಲ. "ಮೌ ಅಣ್ಣ, ನಿಮ್ ಯಜಮಾನ್ತಿನೂ ಹಾಗೇ ಅಲ್ವಾ? ಎಷ್ಟು ಕೂಗಿದ್ರೂ ತಿರುಗಿ ನೋಡ್ತಿರ್ಲಿಲ್ಲ."

"ನೋಡ್ತಿರ್ಲಿಲ್ಲ," ಎನ್ನುತ್ತಿದ್ದರು ತಾತ. "ಆದ್ರೆ ಕೂಗೋದು ನಿಲ್ಸಿದ್ರೆ ಬಂದು, ಯಾಕೆ ಸುಮ್ನಾದ್ರಿ ಅಂತ ಕೇಳ್ತಿದ್ಲು."

ಅಜ್ಜಿ ಹೋದ ಮೇಲೆ ತಾತ ಇಡೀ ದಿನದಲ್ಲಿ ದನಿಯೆತ್ತಿ ಕೂಗುತ್ತಿದ್ದುದು ಅದೊಂದೇ ಸಲ. ಇದನ್ನು ನಿಮ್ಮ ಕಡತದಲ್ಲಿ ಎಲ್ಲಾದರೂ ಸೇರಿಸಿಕೊಳ್ಳಿ.

ಆ ದಿನ ಚಿಂಗ್ ತಾತ ಪಂಥ ಕಟ್ಟಿದರು. "ನಡಿ, ನಾನೇ ಬರ್ತೀನಿ. ಇವತ್ತೂ ತಿರುಗದಿದ್ರೆ ಇನ್ಮೇಲೆ ಆ ಕರಡಿ ಮಾತು ಎತ್ತಕೂಡ್ದು." ತಿರುಗಿದರೆ ಚಿಂಗ್ ತಾತ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ತಾತನಿಗೆ ಚಹಾ ಕೊಡಬೇಕು. ಆ ದಿನ ತಾತನ ಜೊತೆ ಬಂದಿದ್ದ ನಾನೂ ಅವರಿಬ್ಬರ ಹಿಂದೆ ಹೋದೆ. ಕಂಬಿಯ ಬಳಿ ಜನ ಕಿಕ್ಕಿರಿದಿದ್ದರು. ತಾತ ಕೈಯೆತ್ತಿ ಕೂಗಿದರು. ಬೆನ್ನು. ಮತ್ತೆ ಕೂಗಿದರು. ಬೆನ್ನು. ಪ್ರವಾಸಕ್ಕೆ ಬಂದಿದ್ದ ಯಾರೋ ಯುವಕ "ಯಾವ್‌ಮೇ, ಅಜ್ಜ ಕರೀತಿದಾನೆ, ಹೋಗಮ್ಮಾ" ಎಂದು ಅಣಕಿಸಿದ. ಸುತ್ತಲಿನವರು ನಕ್ಕರು. ಚಿಂಗ್ ತಾತ ಕೂಡ ನಗಲಾರದೆ, "ಸಾಕು ಬಾರಯ್ಯಾ, ಪಂಥ ಗಿಂಥ ಏನೂ ಬೇಡ," ಎಂದು ತೋಳು ಹಿಡಿದೆಳೆದರು. ತಾತನ ಕತ್ತು ಕೆಂಪಗಾಗಿದ್ದುದು ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು. ಆದರೂ ಮೂರನೇ ಸಲ ಕೂಗಿದರು.

ರುಯಿರುಯಿ ತಿರುಗಿದಳು. ಅರೆಬರೆಯಲ್ಲ, ಪೂರ್ತಿ ದೇಹ ತಿರುಗಿಸಿ, ಮುಖವೆತ್ತಿ, ನಮ್ಮ ಕಡೆಗೇ. ಎದ್ದು ನಾಲ್ಕು ಹೆಜ್ಜೆ ಮುಂದೆಯೂ ಬಂದಳು. ಜನ ಹೋ ಎಂದರು. "ಅಯ್ಯಯ್ಯೋ, ತಿರುಗಿದ್ಲಲ್ಲೋ!" ಎಂದು ಚಿಂಗ್ ತಾತ ಟೋಪಿ ತೆಗೆದರು. ತಾತ ಎತ್ತಿದ ಕೈ ಇಳಿಸುವುದನ್ನೇ ಮರೆತಿದ್ದರು. ಆ ಕೈಯೇ ನಿಮ್ಮ ಕ್ಯಾಮರಾಕ್ಕೆ ಸಿಕ್ಕಿದ್ದು. ಅದೇ ಹೊತ್ತಿಗೆ ಆ ಕೈಯ ಪಕ್ಕದಿಂದ ಕಳಲೆಯ ತುಂಡೊಂದು ಹಾರಿ ಹೋಯಿತಂತೆ.

ಚಿಂಗ್ ತಾತ ಎರಡೂ ಕೈಯಲ್ಲಿ ಕೊಟ್ಟ ಚಹಾ ತಾತನ ಗಂಟಲಿಗಿಳಿಯುವ ಮೊದಲೇ ನಿಮ್ಮ ಕಾವಲಿನವರು ಬಂದರು. ಕಚೇರಿಗೆ ಜೊತೆಯಲ್ಲಿ ನಾನೂ ಹೋದೆ.

"ಅಜ್ಜ, ನೀವೇ ಎಸೆದದ್ದಾ?" ಎಂದು ಕೇಳಿದರು ನಿಮ್ಮ ಭದ್ರತಾ ಮುಖ್ಯಸ್ಥರು. ಒರಟಾಗೇನೂ ಕೇಳಲಿಲ್ಲ, ಸುಳ್ಳೇಕೆ ಹೇಳಲಿ.

ತಾತ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ, "ಪೆನ್ ಕೊಡಪ್ಪಾ," ಎಂದರು.

ವಾಪಸು ಬಸ್ಸಿನಲ್ಲಿ ನಾನು ರೇಗಿದೆ. "ಮಾಡದ ತಪ್ಪಿಗೆ ಯಾಕ್ ತಾತ ಸಹಿ ಹಾಕಿದ್ರಿ?"

"ಅವರ ಕಾಗದದ ಮೇಲೆ ಯಾರದಾದ್ರೂ ಒಂದು ಹೆಸ್ರು ಬೀಳ್ಲೇಬೇಕಿತ್ತು. ಆಜೀವ ಅಂದ್ರೆ ಬೇರೆಯವರಿಗೆ ಎಷ್ಟಾಗತ್ತೆ, ನನಗೆ ಎಷ್ಟಾಗತ್ತೆ? ನನಗೆ ಅಗ್ಗಕ್ಕೆ ಮುಗೀತು ಬಿಡು." ಕಿಟಕಿಯ ಕಡೆ ತಿರುಗಿ ಕೂತು, "ತಿರುಗಿದ್ಲು, ನೋಡಿದ್ಯಾ?" ಎಂದರು.

ಮಾನ್ಯರೇ, ನಿಮ್ಮ ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಕಂಡ ಕಂಡವರು ಕಂಡದ್ದನ್ನೆಲ್ಲ ಎಸೆದರೆ ಅವಳ ಹೊಟ್ಟೆ ಏನಾದೀತೆಂದು ನನಗೂ ಗೊತ್ತು. ಆದರೆ ಕಂಬಿಯ ಎದುರಿಗೇ ನಿಮ್ಮ ಗಾಡಿಯವನು ಹುರಿದ ಕಳಲೆ ಮಾರುತ್ತಾನೆ, ಪೊಟ್ಟಣದ ಮೇಲೆ ನಗುವ ಪಾಂಡಾ, ಪಕ್ಕದಲ್ಲಿ "ಪಾಂಡಾಕ್ಕೆ ಹಾಕಬೇಡಿ" ಎಂಬ ಚೀಟಿ. ಇದಕ್ಕೆ ಯಾವ ನಿಷೇಧ?

ನಿಮ್ಮ ಸಂರಕ್ಷಣಾ ಭವನದ ಬಗ್ಗೆಯೂ ಹೇಳಬೇಕು. ಅಲ್ಲಿಗೆ ತಣ್ಣನೆ ಗಾಳಿಗಾಗಿ ಬರುವ ಮುದುಕರನ್ನು ಬಿಟ್ಟರೆ ನರಪಿಳ್ಳೆಯೂ ಬರುವುದಿಲ್ಲ. ಆದ್ದರಿಂದ ಅಲ್ಲಿನ ಫಲಕಗಳನ್ನು ಇಡೀ ನಗರದಲ್ಲಿ ಪೂರ್ತಿ ಓದಿರುವವರು ಅವರೇ. ಒಂದು ಫಲಕ ಹೀಗೆನ್ನುತ್ತದೆ: ರಸ್ತೆ, ಅಣೆಕಟ್ಟು, ಊರುಗಳಿಂದ ಕಾಡು ತುಂಡುತುಂಡಾಗಿದೆ, ಈ ಬೆಟ್ಟದ ಪಾಂಡಾ ಆ ಬೆಟ್ಟದ ಪಾಂಡಾವನ್ನು ಸೇರಲಾರದು, ಆದ್ದರಿಂದ ನಡುವೆ ಬಿದಿರು ನೆಟ್ಟು ದಾರಿ ಮಾಡಿಕೊಡಬೇಕು. ಒಳ್ಳೆಯ ಮಾತು. ನಮ್ಮ ಹಳೆಯ ಕೇರಿಯನ್ನು ಕೆಡವಿದಾಗ ತಾತನಿಗೆ ನಗರದ ಉತ್ತರದಂಚಿನಲ್ಲಿ ಹದಿನೇಳನೇ ಮಹಡಿ ಸಿಕ್ಕಿತು, ಚಿಂಗ್ ತಾತನಿಗೆ ದಕ್ಷಿಣದಂಚಿನಲ್ಲಿ. ಒಂದೇ ಗೋಡೆಗೆ ಒಲೆ ಹೊಂದಿಸಿಕೊಂಡಿದ್ದವರು ಈಗ ಎರಡು ಬೆಟ್ಟದವರು. ಇಬ್ಬರೂ ಅರ್ಧರ್ಧ ದಾರಿ ಬಂದು ಸೇರುವುದು ನಿಮ್ಮ ಚಹಾದ ಅಂಗಳದಲ್ಲಿ. ಅದೂ ಒಂದು ದಾರಿ, ಮಾನ್ಯರೇ. ಅದರಲ್ಲಿ ಬಿದಿರಿಲ್ಲ, ಬೆತ್ತದ ಕುರ್ಚಿಗಳಿವೆ. ನೀವು ಮುಚ್ಚಿದ್ದು ಅದನ್ನು.

ಈಗ ಚಿಂಗ್ ತಾತ ಒಬ್ಬರೇ ಬಂದು, ಎರಡು ಬಟ್ಟಲು ಹೇಳಿ, ಒಂದನ್ನು ಕುಡಿದು ಹೋಗುತ್ತಾರೆ. ತಾತ ಹದಿನೇಳನೇ ಮಹಡಿಯಿಂದ ಇಳಿಯುವುದೇ ಅಪರೂಪ. ಬದಲಿಗೆ ನನ್ನನ್ನು ಅಟ್ಟುತ್ತಾರೆ. ನಿಮ್ಮ ಬಾಗಿಲಿನಲ್ಲಿ ಮುಖ ಗುರುತಿಸುವ ಯಂತ್ರ ನನ್ನ ಮುಖ ನೋಡಿ ಹಸಿರು ದೀಪ ಬೆಳಗಿಸುತ್ತದೆ, "ಸ್ವಾಗತ" ಎನ್ನುತ್ತದೆ. ಅದರ ನ್ಯಾಯಬುದ್ಧಿಗೆ ನಾನು ಪ್ರತಿದಿನ ತಲೆಬಾಗುತ್ತೇನೆ. ಒಳಗೆ ಹೋದರೆ ರುಯಿರುಯಿಯ ಆವರಣ ಖಾಲಿ. "ವಿಶ್ರಾಂತಿಯಲ್ಲಿದೆ" ಎಂಬ ಫಲಕ. ಆ ದಿನದ ಮಾರನೆಯ ಬೆಳಿಗ್ಗೆ ತೂಗುಹಾಕಿದ್ದು, ಇನ್ನೂ ತೆಗೆದಿಲ್ಲ.

"ಹೊರಗೆ ಬಂದ್ಲಾ?" ಎಂದು ತಾತ ಕೇಳುತ್ತಾರೆ.

"ಬಂದಿದ್ಲು. ಬೆನ್ನು ತೋರಿಸ್ಕೊಂಡು ಕೂತಿದ್ಲು," ಎನ್ನುತ್ತೇನೆ.

"ಹಾಗಾದ್ರೆ ಚೆನ್ನಾಗಿದಾಳೆ," ಎನ್ನುತ್ತಾರೆ.

ಆದ್ದರಿಂದ ನನ್ನ ಬೇಡಿಕೆ. ಮೌ ತಿಂಗ್‌ಶೂ ಅವರ ಮೇಲಿನ ನಿಷೇಧವನ್ನು ಕೂಡಲೇ ತೆಗೆಯಿರಿ. ಆಜೀವ ನಿಷೇಧ ಯಾರಿಗಾದರೂ ಕೊಡಲೇಬೇಕಿದ್ದರೆ ತಕ್ಕವರನ್ನು ಹುಡುಕಿ ಕೊಡಿ. ಮತ್ತು ರುಯಿರುಯಿ ಊಟ ಮಾಡುತ್ತಿದ್ದಾಳೆಯೇ ಇಲ್ಲವೇ, ಅದೊಂದನ್ನು ಫಲಕದ ಮೇಲೆ ನೇರವಾಗಿ ಬರೆಸಿ. ಮನೆಗೆ ಹೋಗಿ ದಿನವೂ ಸುಳ್ಳು ಹೇಳುವುದು ನನ್ನಿಂದ ಇನ್ನಾಗದು.

ಇಂತಿ,
ಹಸಿರು ದೀಪಕ್ಕೆ ಯೋಗ್ಯಳಲ್ಲದ
ಮೌ ಯಾಲಿಂಗ್

ಮರೆತ ಮಾತು: ನಿಮ್ಮ ಪಶುವೈದ್ಯರಿಗೆ ಅನುಕೂಲವಾದೀತೆಂದು ತಿಳಿಸುತ್ತಿದ್ದೇನೆ. ಆ ಕಳಲೆ ಗಾಡಿಯವನ ಹುರಿದದ್ದಲ್ಲ. ಉಪ್ಪು, ಖಾರ, ಎಣ್ಣೆ ಏನೂ ತಾಗಿರಲಿಲ್ಲ. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಅಮ್ಮ ತರಲು ಹೇಳಿದ್ದ ಹಸಿ ಕಳಲೆ, ಸಿಪ್ಪೆ ಸುಲಿದು ಚೀಲದಲ್ಲಿಟ್ಟುಕೊಂಡಿದ್ದೆ. ಎಲ್ಲರೂ ನಗುತ್ತಿದ್ದರು, ಮಾನ್ಯರೇ, ತಾತನ ಕತ್ತು ಕೆಂಪಗಾಗಿತ್ತು. ಮತ್ತೆ, ವಿಡಿಯೋ ತೋರಿಸಲಿಲ್ಲವೆಂದು ನಿಮ್ಮನ್ನು ದೂರಿದೆನಲ್ಲ, ಅದು ಪೂರ್ತಿ ನಿಜವಲ್ಲ. ನಿಮ್ಮ ಮುಖ್ಯಸ್ಥರು ಫೋನನ್ನು ಮುಂದೆ ಹಿಡಿದಿದ್ದರು. ತಾತ ಅದರ ಮೇಲೆ ಅಂಗೈ ಮುಚ್ಚಿ, "ಬೇಡಪ್ಪಾ, ನಾನು ಕಣ್ಣಾರೆ ನೋಡಿದೀನಿ," ಎಂದರು. ಅಷ್ಟರಲ್ಲೇ ಪಕ್ಕದಿಂದ ಇಣುಕಿದ್ದ ನನಗೆ ಮಾತ್ರ ಕಂಡಿತ್ತು. ಮೊದಲು ಬೀಳುವುದು ಕಳಲೆ. ಅವಳು ತಿರುಗುವುದು ಆಮೇಲೆ.

ತಾತ ಪತ್ರಿಕೆಯಲ್ಲಿ ಹವಾಮಾನ ಬಿಟ್ಟು ಬೇರೇನೂ ಓದುವುದಿಲ್ಲ. ಇದನ್ನು ಓದಿದ ಉಳಿದವರೆಲ್ಲ ದಯವಿಟ್ಟು ಸುಮ್ಮನಿರಿ.