ಎರಡು ಸಲ ಕೂಗಿದ

6 ಅಕ್ಟೋಬರ್ 1997, ಸೋಮವಾರ. ಕಳಸ

ದಸರಾ ರಜೆ. ಬಟ್ಟೆ ಒಗೆದು, ತಿಂಡಿ ಮುಗಿಸಿ, ಏಳನೇ ಕ್ಲಾಸಿನ ಪೇಪರ್ ತಿದ್ದಲು ಕೂತೆ. ಅಕ್ಬರನ ಮಗ ಬೀರಬಲ್ ಎಂದು ಮೂರು ಜನ ಬರೆದಿದ್ದಾರೆ. ಕಾಪಿ ಹೊಡೆಯುವುದಕ್ಕೂ ಒಂದು ಯೋಗ್ಯತೆ ಬೇಡವೇ?

ಸಂಜೆ ಅಣ್ಣ ಬಂದ. ಮೂಡಿಗೆರೆಯಲ್ಲಿ ಗೊಬ್ಬರದ ಅಂಗಡಿ, ತಲೆಯಲ್ಲಿ ಮಾತ್ರ ಬರೀ ಗುಡ್ಡ. “ಗುರುವಾರ ಬಲ್ಲಾಳರಾಯನ ದುರ್ಗ ಹತ್ತೋಣ ಕಣೇ. ಹಂಗೇ ಆ ಮೇಘಶ್ರೀನೂ ಕರಿ” ಎಂದ. ಮೇಘ ನಮ್ಮ ಸ್ಕೂಲಿನ ಹಿಂದಿ ಟೀಚರ್, ಜಾವಳಿಯವಳು. ಅವಳ ಹೆಸರು ಹೇಳುವಾಗ ಅಣ್ಣ ತನ್ನ ಚಪ್ಪಲಿ ನೋಡುತ್ತಿದ್ದ. ನನಗೇನು ಗೊತ್ತಾಗುವುದಿಲ್ಲವೇ!

ನಾನು ಹೋಗದಿದ್ದರೆ ಅವಳನ್ನು ಅವರ ಮನೆಯಲ್ಲಿ ಕಳಿಸುವುದಿಲ್ಲ. ಅಟ್ಟದ ಏಣಿ ಹತ್ತುವಾಗಲೇ ಕೈಕಾಲು ನಡುಗುವ ನಾನು ಇವರಿಬ್ಬರ ಸಲುವಾಗಿ ಕೋಟೆ ಹತ್ತಬೇಕು. ಕರ್ಮ.

8 ಅಕ್ಟೋಬರ್, ಬುಧವಾರ

ರಕ್ತ ಹೀರುವ ಉಂಬಳಕ್ಕೆ ಉಪ್ಪಿನ ಗಂಟು, ನಶ್ಯ. ಅವಲಕ್ಕಿ, ಬಾಳೆಹಣ್ಣು, ಟಾರ್ಚ್. ಅಮ್ಮ ಎರಡು ಸಲ ಚೀಲ ಬಿಚ್ಚಿ ನೋಡಿ ಚಕ್ಕುಲಿ ತುರುಕಿದಳು. “ಸುದೀಪಾ, ಇವಳನ್ನ ಅಂಚಿಗೆ ಕರ್ಕೊಂಡ್ ಹೋಗ್ಬೇಡ ಮಾರಾಯ, ಮೊದಲೇ ಪುಕ್ಕಲಿ” ಎಂದಳು. ಅಣ್ಣ ನಕ್ಕ.

ಭಯ ಆಗುತ್ತಿದೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ನನಗೆ ಯಾವಾಗಲೂ ಹೀಗೇ, ಬಸ್ ಹತ್ತುವಾಗಲೂ.

10 ಅಕ್ಟೋಬರ್, ಶುಕ್ರವಾರ, ಬೆಳಿಗ್ಗೆ. ಸುಂಕಸಾಲೆ, ಓಂಕಾರಪ್ಪನವರ ಮನೆ

ಅಣ್ಣ ಸಿಕ್ಕಿಲ್ಲ.

ಸರಿಯಾಗಿ ಬರೆಯಬೇಕು. ಬರೆಯದಿದ್ದರೆ ತಲೆ ಕೆಡುತ್ತದೆ.

ನಿನ್ನೆ ಮೊದಲ ಬಸ್ಸಿಗೆ ಇಲ್ಲಿ ಇಳಿದೆವು. ಕಾಡು ದಾಟಿ ಹುಲ್ಲಿನ ಗುಡ್ಡ. ಮಧ್ಯಾಹ್ನ ಕೋಟೆ. ಬಿದ್ದುಹೋದ ಗೋಡೆಯ ಮೇಲೆ ಕೂತು ಅವಲಕ್ಕಿ ತಿಂದೆವು. ಅಣ್ಣ ಮೇಘಳ ಕಾಲಿನ ಉಂಬಳಕ್ಕೆ ಉಪ್ಪು ಹಚ್ಚಿ, ನನ್ನ ಕಾಲನ್ನು ನಾನೇ ನೋಡಿಕೊಳ್ಳಬೇಕೆಂದ. ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು. ಅಷ್ಟು ಖುಷಿಯಾಗಿದ್ದೆ.

ಅದೇ ತಪ್ಪಾಯಿತು. ಏಳುವುದು ತಡವಾಯಿತು. ಮಂಜು ಬಂತು. ಹತ್ತು ಮಾರು ದೂರದ ಗೋಡೆ ಕಾಣಲಿಲ್ಲ. ಆಚೆ ಒಂದು ಕಡೆ ರಾಣಿಝರಿ, ನೆಟ್ಟಗೆ ಪ್ರಪಾತ. “ಇಳಿಯೋ ದಾರಿ ಎಲ್ಲಿ ಅಂತ ನೋಡ್ಕೊಂಡ್ ಬರ್ತೀನಿ. ಗೋಡೆ ಬಿಟ್ಟು ಕದಲ್ಬೇಡಿ” ಎಂದು ಹೋದ.

ಬರಲಿಲ್ಲ. ಕತ್ತಲಾಗುತ್ತ ಬಂತು.

ಆಮೇಲೆ ಕೂಗು. “ವರ್ಷೀ...”

ಅವನದೇ ಧ್ವನಿ. ಆದರೆ ಬಾವಿಯೊಳಗಿಂದ ಬಂದ ಹಾಗೆ, ಯಾವ ದಿಕ್ಕು ಎಂದೇ ತಿಳಿಯದ ಹಾಗೆ. ಬಾಯಿ ತೆರೆದೆ. ಮೇಘ ನನ್ನ ಕೈ ಹಿಂಡಿದಳು. “ಮೂರನೇದಕ್ಕೆ” ಎಂದಳು. ಅವಳು ಹೇಳಬೇಕಾಗಿಯೇ ಇರಲಿಲ್ಲ. ಮುಸ್ಸಂಜೆಯಲ್ಲಿ, ಕಾಡಿನಲ್ಲಿ, ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರನೇ ಸಲಕ್ಕೆ ಓಗೊಡಬೇಕು. ಮನುಷ್ಯರಾದರೆ ಮೂರನೇ ಸಲ ಕೂಗುತ್ತಾರೆ. ಬೇರೆಯದಾದರೆ ಎರಡಕ್ಕೇ ನಿಲ್ಲಿಸುತ್ತದೆ. ಅಮ್ಮ ನನಗೆ ಅನ್ನ ಕಲಸಿ ತಿನ್ನಿಸುವ ವಯಸ್ಸಿನಲ್ಲೇ ಇದನ್ನೂ ತಿನ್ನಿಸಿದ್ದಾಳೆ. ಜಾವಳಿಯಲ್ಲೂ ಇದೇ ಪಾಠ.

“ವರ್ಷೀ...” ಎರಡನೆಯದು.

ಉಸಿರು ಹಿಡಿದು ಕಾದೆವು. ಮೂರನೆಯದು ಬರಲಿಲ್ಲ.

ಅವನಲ್ಲ, ಇನ್ನೇನೋ ಎಂದು ಒಂದು ಭಯ. ಅವನೇ ಆಗಿದ್ದರೆ ಎಂದು ಇನ್ನೊಂದು. ಎರಡನೇ ಭಯ ದೊಡ್ಡದಾದ ಮೇಲೆ ಇಬ್ಬರೂ ಗಂಟಲು ಹರಿಯುವ ಹಾಗೆ ಕಿರುಚಿದೆವು. ಉತ್ತರ ಇಲ್ಲ. ಮಂಜು ಸ್ವಲ್ಪ ಸರಿದಾಗ ಹತ್ತಿಬಂದ ದಾರಿ ಗೋಡೆಯ ಪಕ್ಕದಲ್ಲೇ ಇತ್ತು. ಟಾರ್ಚ್ ಹಿಡಿದು, ಬಿದ್ದು, ಎದ್ದು, ಇಳಿದು ಸಿಕ್ಕ ಮೊದಲ ತೋಟದ ಮನೆ ಇದು. ಓಂಕಾರಪ್ಪನವರು ರಾತ್ರಿಯೇ ಆಳುಗಳನ್ನು ಕಳಿಸಿದರು. ಮಂಜಿಗೆ ವಾಪಸು ಬಂದರು.

ಬೆಳಿಗ್ಗೆ ಮತ್ತೆ ಹೊರಡುವಾಗ ಕೇಳಿದರು. “ಅವರು ಕೂಗಿದ್ದೇನಾದ್ರೂ ಕೇಳ್ತೇನಮ್ಮ?”

“ಕೇಳ್ತು.”

“ನೀವು ಓಗೊಟ್ರಾ?”

ಮೇಘ ನೆಲ ನೋಡಿದಳು. ನಾನು “ಕೊಟ್ವಿ” ಎಂದೆ.

“ಹಂಗಾದ್ರೆ ನಿಮ್ಮ ದನಿ ಹಿಡ್ಕೊಂಡು ಕೋಟೆ ಕಡೇನೇ ಬಂದಿರ್ತಾರೆ” ಎಂದು ಎಲ್ಲರನ್ನೂ ಕೋಟೆಯ ಸುತ್ತಲಿನ ಕಾಡಿಗೆ ಕಳಿಸಿದರು.

ಅದೇ ದಿನ, ಮಧ್ಯಾಹ್ನ

ಸಿಕ್ಕಿಲ್ಲ. ಕೋಟೆಯ ಸುತ್ತ ಒಂದು ಪೊದೆ ಬಿಟ್ಟಿಲ್ಲವಂತೆ.

ನಾನು ಓದಿದ್ದು ಬಿ.ಎಸ್ಸಿ., ಬಿ.ಎಡ್. ಹೋದ ತಿಂಗಳು ಮೂಢನಂಬಿಕೆಗಳು ಎಂಬ ಪಾಠ ಮಾಡಿದ್ದೇನೆ. ಚಾರ್ಟ್ ಬರೆಸಿದ್ದೇನೆ. ಅವನು ಕೂಗಿದಾಗ ಓಗೊಡಲಿಲ್ಲ ಎಂದು ಹೇಳಲು ನಾಚಿಕೆಯಾಯಿತು, ಅಷ್ಟೇ. ನಾಚಿಕೆಗೋಸ್ಕರ ಹತ್ತು ಜನರನ್ನು ತಪ್ಪು ಜಾಗಕ್ಕೆ ಕಳಿಸಿದ್ದೇನೆ. ಅವನು ಎಲ್ಲೋ ಬಿದ್ದಿದ್ದಾನೆ, ನಾನು ಇಲ್ಲಿ ಇವರ ಮನೆಯ ಕಾಫಿ ಕುಡಿಯುತ್ತಿದ್ದೇನೆ.

ಹೇಳಲು ಹೋಗುತ್ತಿದ್ದೇನೆ. ಮೇಘ ಬೇಡ ಎನ್ನುತ್ತಾಳೆ. “ಹೊಡೀತಾರೆ ಕಣೇ” ಎಂದು ಅಳುತ್ತಾಳೆ. ಹೊಡೆಯಲಿ.

ಹೇಳಿದೆ. ಓಂಕಾರಪ್ಪನವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ನಮ್ಮನೇಲೂ ಹಂಗೇ ಹೇಳ್ಕೊಟ್ಟಿದಾರಮ್ಮ. ನಾನಾದ್ರೂ ಓ ಅಂತಿರ್ಲಿಲ್ಲವೇನೋ. ಆದ್ರೆ ಬೆಳಿಗ್ಗೆನೇ ಹೇಳ್ಬಾರ್ದಿತ್ತಾ?” ಎಂದರು. ಜೋರು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಅಂಗಳಕ್ಕೆ ಹೋಗಿ “ದನಿ ಕೇಳ್ದೆ ದಿಕ್ಕು ತಪ್ಪಿರ್ತಾರೆ. ಝರಿ ಕಡೆ ನಡೀರಿ, ಹಗ್ಗ ತಗಳಿ” ಎಂದರು.

ಹಗ್ಗ ಎಂದ ಕೂಡಲೇ ಜಗಲಿಯಲ್ಲೇ ಕೂತೆ.

12 ಅಕ್ಟೋಬರ್, ಭಾನುವಾರ. ಚಿಕ್ಕಮಗಳೂರು, ಆಸ್ಪತ್ರೆ

ಶುಕ್ರವಾರ ಹೊತ್ತು ಮುಳುಗುವ ಮೊದಲು ಸಿಕ್ಕಿದ. ಝರಿಯ ಅಂಚಿನ ಕೆಳಗೆ, ಒಂದು ಮರ ತಡೆದಿತ್ತು. ಉಸಿರಿದೆ. ಸೊಂಟದ ಮೂಳೆ ಮುರಿದಿದೆ, ತಲೆಗೆ ಪೆಟ್ಟು. ಕಣ್ಣು ಬಿಟ್ಟಿಲ್ಲ. ಮುಂದೆ ನಡೆಯುತ್ತಾನೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

ಅಮ್ಮ ಮಂಚದ ಪಕ್ಕ ಕೂತು ಸಹಸ್ರನಾಮ ಹೇಳುತ್ತಾಳೆ. ಅಪ್ಪ ಕಾರಿಡಾರಿನಲ್ಲಿ ಓಡಾಡುತ್ತಾರೆ. “ನಿಮ್ಮ ತಾಯಿಗೆ ನಾನೇನೂ ಹೇಳಲ್ಲ” ಎಂದಿದ್ದಾರೆ ಓಂಕಾರಪ್ಪನವರು. ಮೇಘಳನ್ನು ಅವಳ ಅಪ್ಪ ಕರೆದುಕೊಂಡು ಹೋದರು. ಹೋಗುವಾಗ ಅವಳು ನನ್ನ ಮುಖ ನೋಡಲಿಲ್ಲ.

ಅವನು ಕಣ್ಣು ಬಿಡಲಿ ದೇವರೇ. ಬಿಟ್ಟರೆ ಯಾಕೆ ಓಗೊಡಲಿಲ್ಲ ಎಂದು ಕೇಳುತ್ತಾನೆ. ಬಿಡಲಿ. ಕೇಳಲಿ.

15 ಅಕ್ಟೋಬರ್, ಬುಧವಾರ

ಕಣ್ಣು ಬಿಟ್ಟ! ಕ್ಯಾಂಟೀನಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅಮ್ಮ ವಾರ್ಡಿನ ಬಾಗಿಲಲ್ಲಿ ಅಳುತ್ತ ನಗುತ್ತ ನಿಂತಿದ್ದಳು. ನನ್ನ ಕೆನ್ನೆ ಹಿಡಿದುಕೊಂಡಳು.

“ಮೊದಲು ಕೇಳಿದ್ದೇ ನಿನ್ನ ಕಣೇ. ವರ್ಷಿ ಸಿಕ್ಕಿದ್ಲಾ ಅಂತ.”

“ನಾನು ಎಲ್ಲಿ ಕಳೆದುಹೋಗಿದ್ದೆ?” ಎಂದೆ. ಅರ್ಥವಾಗಲಿಲ್ಲ.

“ಅವನಿಗೆ ಇಳಿಯೋ ದಾರಿ ಸಿಕ್ಕಿತ್ತಂತೆ. ದಾರೀಲೇ ನಿಂತು ನಿನ್ನ ಕೂಗಿದ್ನಂತೆ. ಒಂದು ಸಲ ಕೂಗಿದ, ಇನ್ನೊಂದು ಸಲ ಕೂಗಿದ, ನೀವು ಓಗೊಡ್ಲಿಲ್ಲ. ಮಂಜಲ್ಲಿ ದಿಕ್ಕು ತಪ್ಪಿ ಝರಿ ಕಡೆ ಹೋಗಿ ಬಿದ್ರೇನೋ ಅಂತ ಎದೆ ಒಡೆದು, ನಿಮ್ಮನ್ನ ಹುಡುಕ್ಕೊಂಡು ಆ ಕಡೆ ಓಡಿದ್ನಂತೆ. ಮೂರನೇ ಸಲ ಕೂಗೋವಷ್ಟೂ ತಡೀಲಿಲ್ಲ ನೋಡು ನನ್ನ ಮಗ.” ಕಣ್ಣೊರೆಸಿಕೊಂಡಳು. “ಆ ಗಾಳೀಲಿ ನಿಮಗೆ ಕೇಳ್ಸಿರಲ್ಲ, ಪಾಪ.”

ಅಮ್ಮನೇ ಉತ್ತರ ಕೊಟ್ಟುಬಿಟ್ಟಳು. ನಾನು ಹೂಂ ಎಂದರೆ ಸಾಕು. ಅವನು ನಂಬುತ್ತಾನೆ. ಎಲ್ಲರೂ ನಂಬುತ್ತಾರೆ.

ಅವನು ದಾರಿ ತಪ್ಪಿರಲೇ ಇಲ್ಲ. ಗಟ್ಟಿ ನೆಲದ ಮೇಲೆ ನಿಂತಿದ್ದ. ಒಂದು ಸಲ ಓ ಎಂದಿದ್ದರೆ ರಾತ್ರಿ ಊಟಕ್ಕೆ ಕಳಸದಲ್ಲಿ ಇರುತ್ತಿದ್ದೆವು.

ಅದೇ ದಿನ, ಸಂಜೆ

ಇನ್ನೂ ಒಳಗೆ ಹೋಗಿಲ್ಲ. ಬಾಗಿಲ ತನಕ ಹೋಗಿ ವಾಪಸು ಬಂದು ಬೆಂಚಿನ ಮೇಲೆ ಕೂತಿದ್ದೇನೆ. ಹೆದರಿದ್ದಾಳೆ, ಅಣ್ಣನನ್ನು ಆ ಸ್ಥಿತಿಯಲ್ಲಿ ನೋಡಲಾರಳು ಎಂದು ಅಪ್ಪ ನರ್ಸಿಗೆ ಹೇಳುತ್ತಿದ್ದಾರೆ.

ಹೇಳಬೇಕು. ಅಮ್ಮನ ಎದುರಿಗೇ ಹೇಳಬೇಕು. ಹೇಳಿದರೆ ಮೂರನೇ ಸಲದ ಪಾಠ ಕಲಿಸಿದ್ದಕ್ಕೆ ಅಮ್ಮ ತನ್ನನ್ನೇ ಬೈದುಕೊಳ್ಳುತ್ತಾಳೆ, ಸಾಯುವ ತನಕ. ಹೇಳದಿದ್ದರೆ ಅವನು ತಂಗಿಯನ್ನು ಉಳಿಸಲು ಹೋಗಿ ಬಿದ್ದೆ ಎಂದುಕೊಂಡು, ನನ್ನ ಮುಖ ನೋಡಿದಾಗೆಲ್ಲ ಖುಷಿಪಡುತ್ತಾನೆ. ಯಾವುದಕ್ಕೆ ಹೆಚ್ಚು ಹೆದರುತ್ತೇನೆ ಎಂದೇ ತಿಳಿಯದು...

ಒಳಗಿಂದ ಅವನ ಧ್ವನಿ. ಸಣ್ಣದಾಗಿ. “ವರ್ಷೀ” ಎಂದ.

ಅಮ್ಮ ಬಾಗಿಲಿಗೆ ಬಂದು ನೋಡುತ್ತಿದ್ದಾಳೆ. ಎರಡನೇ ಸಲ ಕೂಗುವ ಮೊದಲೇ ಏಳಬೇಕು, ಪೆನ್ನು—