ಧಾರಿಣಿಯ ಸರದಿ

ನೋಯ್ಡಾ
18 ಸೆಪ್ಟೆಂಬರ್ 2024

ಮೈತ್ರೇಯಿ,

ಆಶೀರ್ವಾದ. ಇದನ್ನು ಬರೆಯುತ್ತಿರುವವಳು ನಿನ್ನ ತಾಯಿ ಮಾತ್ರವಲ್ಲ. ಹೈಸ್ಕೂಲು ಮುಗಿಸಿ, ಕೇಂದ್ರ ಸರ್ಕಾರದ ಗುಮಾಸ್ತರ ಹೆಂಡತಿಯಾಗಿ ಬಳ್ಳಾರಿಯಿಂದ ದೆಹಲಿಗೆ ಬಂದು, ಅವರು ತೀರಿಕೊಂಡ ಮೇಲೆ ಮೇಜುಹಾಸು ಹೊಲಿಸುವ ಕಾರ್ಖಾನೆ ಕಟ್ಟಿ ನಡೆಸಿದವಳು. ಐದು ಸಣ್ಣ ರಫ್ತುದಾರರ ಕೂಟಕ್ಕೆ ಮೊದಲ ದಿನದಿಂದ ಅಧ್ಯಕ್ಷೆಯಾಗಿದ್ದವಳು. ನನ್ನ ಮಾತು ತಳ್ಳಿಹಾಕಿದವರು ಅಲ್ಲಿ ಯಾರೂ ಇಲ್ಲ. ನಿನ್ನೆಯಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಗುರುಗ್ರಾಮದಲ್ಲಿ ನಿನ್ನ ಗೆಳತಿಯ ಮನೆಯಲ್ಲೇ ಕೂತು ಓದು. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಟೀ ಮಾಡಿಕೊಂಡು ಕುಡಿಯಲು ಮರೆಯುತ್ತೇನೆ. ಲಿಫ್ಟ್ ಸದ್ದಾದರೆ ಬಾಗಿಲಿಗೆ ಹೋಗುತ್ತೇನೆ. ನೀನು ಬಂದೆ ಎಂದಲ್ಲ. ಕೊರಿಯರಿನವನು ಇರಬಹುದು ಎಂದು.

ಕೂಟ ಏಕೆ ಕಟ್ಟಿದೆವು ಎಂಬುದು ನಿನಗೆ ಮರೆತಂತಿದೆ. ಒಬ್ಬೊಬ್ಬರೇ ಹೋದಾಗ ಹಡಗು ಕಂಪನಿಯವರು ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದ ಬಾಡಿಗೆ ಹೇಳುತ್ತಿದ್ದರು. ಐವರ ಸರಕನ್ನೂ ಒಟ್ಟು ಸೇರಿಸಿ ಮಾತಾಡಿದ ಮೇಲೆ ಕುರ್ಚಿ ಕೊಟ್ಟರು, ಇಡೀ ವರ್ಷಕ್ಕೆ ಒಂದೇ ದರ ಬರೆದುಕೊಟ್ಟರು. ಹಡಗಿನಲ್ಲಿ ಜಾಗ ಸಾಲದಿದ್ದರೆ ಯಾರದು ಮೊದಲು ಎಂಬ ಜಗಳ ಬೇಡವೆಂದು ಪ್ರತಿ ವರ್ಷ ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತೇವೆ. ಚೀಟಿ ಹಾಕುವುದು ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯಲ್ಲಿ. ಚಿಕ್ಕವಳಿದ್ದಾಗ ಎತ್ತುತ್ತಿದ್ದವಳು ನೀನೇ.

ಈ ವರ್ಷ ಕೆಂಪು ಸಮುದ್ರದಲ್ಲಿ ದಾಳಿಯ ಭಯವೆಂದು ಹಡಗುಗಳೆಲ್ಲ ಆಫ್ರಿಕಾ ಸುತ್ತಿ ಹೋಗುತ್ತಿವೆ. ಎರಡು ಕಂಟೇನರ್ ಕೇಳಿದರೆ ಒಂದಕ್ಕೆ ಜಾಗ ಸಿಕ್ಕಿತು. ಸರದಿ, ಖುರ್ಜಾದಲ್ಲಿ ಪಿಂಗಾಣಿ ಭಟ್ಟಿ ನಡೆಸುವ ನಮ್ಮ ಧಾರಿಣಿಯದು. ಅವಳ ಬಟ್ಟಲುಗಳು ಕ್ರಿಸ್‌ಮಸ್ ಮಾರಾಟಕ್ಕೆ ಹೋಗಬೇಕಾದವು. ಹಬ್ಬ ಕಳೆದ ಮೇಲೆ ಅವನ್ನು ಕೇಳುವವರಿಲ್ಲ. ಆ ಒಂದು ಆರ್ಡರಿನ ಮೇಲೆ ಅವಳ ಭಟ್ಟಿ ಉರಿಯುತ್ತಿದೆ. ಇಷ್ಟೆಲ್ಲ ಗೊತ್ತಿದ್ದೂ ನೀನು ಕಂಟೇನರ್ ಡಿಪೋಗೆ ಫೋನ್ ಮಾಡಿ, ಅವಳ ಲಾರಿಯನ್ನು ಹಿಂದಕ್ಕೆ ಕಳಿಸಿ, ನಮ್ಮ ಮೇಜುಹಾಸುಗಳನ್ನು ಹತ್ತಿಸಿದೆ.

ನಿನ್ನೆ ಅವಳು ಫೋನ್ ಮಾಡಿದಳು. "ಸುಶೀಲಕ್ಕಾ, ನನ್ನ ಲಾರಿ ವಾಪಸ್ ಬಂದಿದೆ. ನಾನೇನಾದರೂ ತಪ್ಪು ಮಾಡಿದೆನಾ?" ಎಂದಳು. ತಪ್ಪು ಅವಳದಂತೆ!

ಕ್ಯಾಬ್ ಹಿಡಿದು ಡಿಪೋಗೆ ಹೋದೆ. ಅಲ್ಲಿನ ಮೇಲ್ವಿಚಾರಕ ನಗುತ್ತಾ ಕುರ್ಚಿ ತಂದಿಟ್ಟ. "ಅರೆ ಅಮ್ಮಾಜಿ, ಅಧ್ಯಕ್ಷರ ಮನೆಯ ಮಾಲು! ನಿಮ್ಮ ಬಿಟಿಯಾ ಹೇಳಿದ ಮೇಲೆ ನಾವು ಸರದಿ ನೋಡ್ತೀವಾ?" ಎಂದ. ಆ ಕುರ್ಚಿಯಲ್ಲಿ ನನಗೆ ಕೂರಲಾಗಲಿಲ್ಲ.

ಅಲ್ಲಿಂದಲೇ ನಿನಗೆ ಫೋನ್ ಮಾಡಿದೆ. "ಮಮ್ಮಿ, ಇಷ್ಟು ವರ್ಷ ಎಲ್ಲರಿಗೂ ಓಡಾಡಿದ್ದು ನೀನು. ಒಂದು ಸಲ ನಮ್ಮದು ಮೊದಲು ಹೋದರೆ ಕ್ಯಾ ಹೋ ಜಾಯೇಗಾ? ಇದು ನನ್ನ ಮೊದಲನೇ ಆರ್ಡರ್" ಎಂದು ಕೂಗಿ ನೀನು ಫೋನ್ ಇಟ್ಟುಬಿಟ್ಟೆ. ಹೌದು, ಹ್ಯಾಂಬರ್ಗಿನ ಆ ಗಿರಾಕಿಯನ್ನು ಹುಡುಕಿ ತಂದವಳು ನೀನು. ತಡವಾದರೆ ಅವನು ಕೈಬಿಡುತ್ತಾನೆ ಎಂಬುದೂ ನನಗೆ ಗೊತ್ತು. ಅಂಚಿನ ಕಸೂತಿಗೆ ನೀನು ದಾರದ ಬಣ್ಣ ಆರಿಸುತ್ತಿದ್ದಾಗ ನಾನು ಬಾಗಿಲ ಬಳಿ ನಿಂತಿದ್ದೆ. ನೀನು ನೋಡಲಿಲ್ಲ.

ಕಂಟೇನರಿಗೆ ಇನ್ನೂ ಸೀಲ್ ಬಿದ್ದಿರಲಿಲ್ಲ. ಎದುರು ನಿಂತು ನಮ್ಮ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿದೆ. ಪ್ರತಿಯೊಂದರ ಮೇಲೂ ನಿನ್ನ ಕೈಬರಹ. ಸಂಜೆಗೆ ಧಾರಿಣಿಯ ಲಾರಿ ತಿರುಗಿ ಬಂತು, ಅವಳ ಸರಕು ಒಳಗೆ ಹೋಯಿತು, ಬಾಗಿಲು ಮುಚ್ಚಿ ಸೀಲ್ ಹಾಕಿದರು. ಅದನ್ನು ಹೊತ್ತ ರೈಲು ಬಂದರಿಗೆ ಹೊರಟಾಗಿದೆ. ಇನ್ನು ನೀನಾಗಲಿ ನಾನಾಗಲಿ ಬದಲಿಸುವಂತಿಲ್ಲ.

ಗಿರಾಕಿಗೆ ನೀನೇ ಬರೆದು ತಿಳಿಸು. ಹಡಗಿನ ಮೇಲೆ ತಪ್ಪು ಹೊರಿಸಬೇಡ. ಊಟ ಸರಿಯಾಗಿ ಮಾಡು.

ನಿನ್ನ ಅಮ್ಮ
ಸುಶೀಲಮ್ಮ

ಮರೆತ ಮಾತು: ಕೂಟದಲ್ಲಿ ನಿನ್ನ ಹೆಸರು ಬಂದಿಲ್ಲ, ಬರುವುದೂ ಇಲ್ಲ. ಇಂದು ಬೆಳಿಗ್ಗೆ ಎಲ್ಲರನ್ನೂ ಕರೆಸಿ, ಸರದಿ ತಪ್ಪಿಸಿ ನಮ್ಮ ಮಾಲು ಹತ್ತಿಸಲು ಹೇಳಿದವಳು ನಾನೇ ಎಂದೆ. ನಮ್ಮ ಐವರಲ್ಲೊಬ್ಬನಾದ ಹೃಷಿಕೇಶ್ ಕನ್ನಡಕ ತೆಗೆದು ಒರೆಸುತ್ತಾ ಕೂತ. ಧಾರಿಣಿ ಮಾತ್ರ "ಅಕ್ಕಾ, ನೀವಾ?" ಎಂದು ಕೇಳಿದಳು. ಹೌದು ಎಂದೆ. ಅಧ್ಯಕ್ಷತೆ ಬಿಟ್ಟು, ಚೀಟಿಯ ಜಾಡಿಯನ್ನು ಅವಳ ಕೈಗೇ ಕೊಟ್ಟು ಬಂದಿದ್ದೇನೆ.