ಹೊಳೆದಂಡೆಯ ಉಡುಗೊರೆ

ನನ್ನ ಮುದ್ದು ಅಪ್ಪಾ,

ನಾನಿಲ್ಲಿ ಸೂಪರ್ ಖುಷಿಯಲ್ಲಿದ್ದೇನೆ, ನಮ್ಮವರು ಅಪ್ಪಟ ಚಿನ್ನ! ಆದರೆ ನಮ್ಮ ಹೊಸ ಮನೆಗೆಂದು ನೀನು ಕೊಂಡ ಇಟ್ಟಿಗೆಯನ್ನು ಈಗಲೇ ಕಳಿಸಬೇಡ. ಮನೆ ಕಟ್ಟಿಕೊಳ್ಳಲೆಂದು ಮಾವ ಮದುವೆಗೆ ಕೊಟ್ಟ ಹೊಳೆದಂಡೆಯ ಹೊಲಕ್ಕೆ ನಿನ್ನೆ ಎಂಜಿನಿಯರ್ ಬಂದಿದ್ದರು. ಪ್ರವಾಹದಲ್ಲಿ ಪೇಟೆ ಮುಳುಗದಂತೆ ಒಡ್ಡು ಒಡೆದು ನೀರನ್ನು ಇಲ್ಲಿ ನಿಲ್ಲಿಸುತ್ತಾರಂತೆ. ಬಾತುಕೋಳಿಗಳೂ ಬರುತ್ತವಂತೆ, ಎಷ್ಟು ಚೆಂದ! ನೀರು ನಿಲ್ಲುವ ಜಾಗಕ್ಕೆ ಅವರು ನೆಟ್ಟ ಗುರುತಿನ ಗೂಟಗಳೆಲ್ಲ ನಮ್ಮ ಹೊಲದಲ್ಲೇ ಇವೆ, ಪಕ್ಕದ ಭಾವನ ಹೊಲದಲ್ಲಿ ಒಂದೂ ಇಲ್ಲ.

“ಹಕ್ಕಿ ನೋಡ್ಕೊಂಡು ಹಾಯಾಗಿರಮ್ಮ” ಎಂದು ಮಾವ ನಕ್ಕರು.

“ಮದುವೆಗೆ ಮುಂಚೇನೇ ಒಪ್ಪಿಗೆ ಕೊಟ್ಟಿದ್ರಲ್ಲ, ಯಜಮಾನ್ರೇ” ಎಂದರು ಎಂಜಿನಿಯರ್.

ನಮ್ಮವರನ್ನು ಕೇಳಿದೆ, “ನಿಮಗೂ ಗೊತ್ತಿತ್ತಾ?”

“ಟೀ ಆರ್ತಾ ಇದೆ, ಕುಡಿ” ಎಂದರು.

ಒಮ್ಮೆ ಬಾ ಅಪ್ಪಾ. ಬರುವ ವಿಷಯ ಅಳಿಯನಿಗೆ ತಿಳಿಸಬೇಡ.

ನಿನ್ನ ಪುಟ್ಟಿ